ಪಾದೂರಿನಲ್ಲಿ ಎಣ್ಣೆ ಉಂಟು, ಬಂಕ್‌ನಲ್ಲಿ ಪೆಟ್ರೋಲ್ ಯಾಕಿಲ್ಲ?

ಸಂಜೆ ಏಳೂವರೆ ಆಗಿರಬಹುದು. ಮಂಗಳೂರಿನ ಕೊಟ್ಟಾರ ಚೌಕಿ ದಾಟಿ ಕೂಳೂರಿನ ಕಡೆ ಹೊರಟಿದ್ದೆ. ದಾರಿಯಲ್ಲಿ ಸಿಗುವ ಬಂಕ್‌ನಿಂದ ಸ್ಕೂಟರ್‌ಗಳ ಸಾಲು ಹೆದ್ದಾರಿಯವರೆಗೂ ಬಂದು ನಿಂತಿತ್ತು. ಮಧ್ಯಾಹ್ನದಿಂದ ಫೋನಿಗೆ ಒಂದೇ ಮೆಸೇಜ್ ನಾಲ್ಕು ಸಲ ಬಂದಿತ್ತು. ಟ್ಯಾಂಕರ್‌ನವರು ಸ್ಟ್ರೈಕ್ ಮಾಡ್ತಾರಂತೆ, ಮೂರು ದಿನ ಪೆಟ್ರೋಲ್ ಸಿಗೋದಿಲ್ಲವಂತೆ. ನಾನು ಅದನ್ನು ನಂಬಿರಲಿಲ್ಲ. ನನ್ನ ಸ್ಕೂಟರ್‌ನಲ್ಲಿ ಅರ್ಧ ಟ್ಯಾಂಕ್‌ಗಿಂತ ಜಾಸ್ತಿ ಪೆಟ್ರೋಲ್ ಇತ್ತು. ಮರುದಿನ ನನಗೆ ಬೇಕಿದ್ದದ್ದು ಹನ್ನೆರಡು ಕಿಲೋಮೀಟರ್ ಓಡುವಷ್ಟು ಮಾತ್ರ. ಆದರೂ ಇಂಡಿಕೇಟರ್ ಹಾಕಿ ಸಾಲಿನ ಕೊನೆಗೆ ಹೋಗಿ ನಿಂತೆ.

ಮುಕ್ಕಾಲು ಗಂಟೆ ಕಾದ ಮೇಲೆ ನನ್ನ ಸರದಿ ಬಂತು. ಹಾಕುವ ಹುಡುಗನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. "ಇವತ್ತು ಎಲ್ರೂ ಫುಲ್ಲೇ ಕೇಳ್ತಾರೆ ಮಾರಾಯ್ರೆ" ಅಂದ. "ನೂರು ರೂಪಾಯಿಗೆ ಹಾಕಿ ಅಂತ ಹೇಳಿದವರು ಮಧ್ಯಾಹ್ನದಿಂದ ಒಬ್ಬರೂ ಇಲ್ಲ." ಒಂಬತ್ತು ಗಂಟೆಗೆ ಆ ಬಂಕ್‌ಗೆ ಹಗ್ಗ ಕಟ್ಟಿದರು. 'ಸ್ಟಾಕ್ ಇಲ್ಲ' ಅಂತ ರಟ್ಟಿನ ಮೇಲೆ ಬರೆದು ತೂಗುಹಾಕಿದರು. ಸ್ಟ್ರೈಕ್ ಆಗಲೇ ಇಲ್ಲ.

ಆ ಹುಡುಗ ಹೇಳಿದ ಒಂದು ವಾಕ್ಯದಲ್ಲೇ ಇಡೀ ವಿಷಯ ಇದೆ. ಅದನ್ನು ಬಿಡಿಸಿ ಹೇಳಬೇಕು ಅಂತ ಆವತ್ತಿನಿಂದ ಮನಸ್ಸಿನಲ್ಲಿತ್ತು.

ಮೊದಲು ನಮ್ಮ ಊರಿನವರಿಗೆ ಮಾತ್ರ ಬರುವ ಒಂದು ಪ್ರಶ್ನೆ. ಮಂಗಳೂರಿನಲ್ಲಿ ಪೆಟ್ರೋಲ್ ಮುಗಿಯುವುದಾದರೂ ಹೇಗೆ? ಸುರತ್ಕಲ್ ಹತ್ತಿರ ಕುತ್ತೆತ್ತೂರಿನಲ್ಲಿ ಎಂಆರ್‌ಪಿಎಲ್ ರಿಫೈನರಿ ಇದೆ. ವರ್ಷಕ್ಕೆ 150 ಲಕ್ಷ ಟನ್ ಕಚ್ಚಾ ತೈಲ ಶುದ್ಧೀಕರಿಸುವ ಸಾಮರ್ಥ್ಯ ಅದಕ್ಕಿದೆ. ಅಷ್ಟೇ ಅಲ್ಲ. ದೇಶಕ್ಕೆ ಕಷ್ಟಕಾಲದಲ್ಲಿ ಬೇಕಾಗಬಹುದು ಅಂತ ಸರ್ಕಾರ ನೆಲದಡಿ ಬಂಡೆ ಕೊರೆದು ಮೂರು ಕಡೆ ತೈಲ ಸಂಗ್ರಹ ಮಾಡಿಕೊಂಡಿದೆ. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಕಾಪು ಹತ್ತಿರದ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಸುವಷ್ಟು ಜಾಗ. ಕೂಡಿಸಿ ನೋಡಿ. 53.3 ಲಕ್ಷದಲ್ಲಿ 40 ಲಕ್ಷ ಟನ್ ನಮ್ಮ ಎರಡು ಜಿಲ್ಲೆಗಳಲ್ಲೇ. ಅಂದರೆ ಆ ಸಂಗ್ರಹದ ಜಾಗದಲ್ಲಿ ಮುಕ್ಕಾಲು ಪಾಲು ನಮ್ಮ ಕಾಲಡಿಯ ಬಂಡೆಯೊಳಗೆ ಇದೆ. ಆ ಗುಹೆಗಳಿಗೆ ಉಕ್ಕಿನ ಗೋಡೆ ಇಲ್ಲ. ಸುತ್ತಲಿನ ಅಂತರ್ಜಲದ ಒತ್ತಡವೇ ತೈಲ ಹೊರಗೆ ಸೋರದಂತೆ ಹಿಡಿದಿಡುತ್ತದೆ. ಪಾದೂರಿನ ಕಡೆ ಹೋಗುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಆದರೆ ಅಲ್ಲಿರುವುದು ಕಚ್ಚಾ ತೈಲ. ಕಣಜದಲ್ಲಿ ಭತ್ತ ಇದ್ದ ಹಾಗೆ. ಕಣಜ ತುಂಬಿದ್ದರೂ ಮಧ್ಯಾಹ್ನಕ್ಕೆ ಗಂಜಿ ಆಗಬೇಕಾದರೆ ಭತ್ತ ಬೇಯಿಸಬೇಕು, ಒಣಗಿಸಬೇಕು, ಮಿಲ್ಲಿಗೆ ಕೊಡಬೇಕು, ಕುಚ್ಚಲಕ್ಕಿ ತಂದು ಒಲೆಗಿಡಬೇಕು. ತೈಲವೂ ಹಾಗೆಯೇ. ಹಡಗಿನಿಂದ ಇಳಿದದ್ದು ರಿಫೈನರಿಗೆ ಹೋಗಬೇಕು. ಅಲ್ಲಿ ಪೆಟ್ರೋಲ್ ಆಗಿ ಡಿಪೋ ಸೇರಬೇಕು. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಸುಮಾರು 360 ಕಿಲೋಮೀಟರ್ ಪೈಪ್‌ಲೈನ್ ಉಂಟು, ದೂರದ ಊರುಗಳಿಗೆ ಅದರಲ್ಲೇ ಹೋಗುತ್ತದೆ. ಆದರೆ ನಮ್ಮ ಬೀದಿಯ ಬಂಕ್‌ಗೆ ಪೈಪ್ ಇಲ್ಲ. ಅಲ್ಲಿಗೆ ಪೆಟ್ರೋಲ್ ಬರುವುದು ಲಾರಿಯಲ್ಲಿ. ಒಬ್ಬ ಡ್ರೈವರ್ ಓಡಿಸಿಕೊಂಡು, ನಂತೂರಿನ ಟ್ರಾಫಿಕ್‌ನಲ್ಲಿ ನಿಂತು, ಬಂಕ್‌ನೊಳಗೆ ಹಿಂದೆ ಮುಂದೆ ಮಾಡಿ ತಿರುಗಿಸಿ ಇಳಿಸಬೇಕು. ಕಡಲು, ರಿಫೈನರಿ, ಗುಹೆ ಎಲ್ಲ ಎಷ್ಟೇ ದೊಡ್ಡದಿದ್ದರೂ ಕೊನೆಯ ಇಪ್ಪತ್ತು ಕಿಲೋಮೀಟರ್ ಈ ಲಾರಿಯ ದಾರಿ. ದಿಢೀರ್ ಅಂತ ಬಂಕ್ ಖಾಲಿಯಾದರೆ ಗಂಟು ಬಿದ್ದಿರುವುದು ಹೆಚ್ಚಾಗಿ ಇಲ್ಲೇ.

ಬಂಕ್‌ನ ಕೆಳಗೆ ಎಷ್ಟು ಪೆಟ್ರೋಲ್ ಇರುತ್ತದೆ ಅನ್ನೋದನ್ನು ನಾನು ಕಣ್ಣಾರೆ ನೋಡಿದ್ದು ಒಂದು ಬೆಳಿಗ್ಗೆ, ಪರಿಚಯದ ಮ್ಯಾನೇಜರ್ ಡಿಪ್ ತೆಗೆಯುವಾಗ. ನೆಲದ ಮುಚ್ಚಳ ತೆಗೆದು, ಅಳತೆಯ ಗೆರೆ ಇರುವ ಉದ್ದದ ಲೋಹದ ಕೋಲಿನ ತುದಿಗೆ ಒಂದು ಪೇಸ್ಟ್ ಸವರಿದರು. ಕೆಳಗೆ ನೀರು ಸೇರಿದ್ದರೆ ಅದರ ಬಣ್ಣ ಬದಲಾಗುತ್ತದೆ. ಕೋಲನ್ನು ಮೆಲ್ಲಗೆ ಇಳಿಸಿ, ತಳ ಮುಟ್ಟಿದ ಕೂಡಲೇ ಮೇಲೆತ್ತಿ, ಒದ್ದೆಯ ಗೆರೆಗೆ ಹೆಬ್ಬೆರಳು ಒತ್ತಿ ಹಿಡಿದರು. ಬೇಗ ನೋಡಬೇಕು, ನೋಡುತ್ತಿದ್ದ ಹಾಗೆಯೇ ಆ ಗೆರೆ ಆರಿಹೋಗುತ್ತದೆ. ಆಮೇಲೆ ಚಾರ್ಟ್ ನೋಡಿ ಇಷ್ಟು ಸೆಂಟಿಮೀಟರ್ ಅಂದರೆ ಇಷ್ಟು ಲೀಟರ್ ಅಂತ ಪುಸ್ತಕದಲ್ಲಿ ಬರೆದುಕೊಂಡರು. ಟ್ಯಾಂಕ್ ಅಡ್ಡ ಮಲಗಿಸಿದ ದೊಡ್ಡ ಡ್ರಮ್ಮಿನ ಹಾಗೆ ಇರುತ್ತದೆ. ನಡುವಿನ ಒಂದು ಸೆಂಟಿಮೀಟರ್‌ನಲ್ಲಿ ಇರುವಷ್ಟು ಪೆಟ್ರೋಲ್ ತಳದ ಒಂದು ಸೆಂಟಿಮೀಟರ್‌ನಲ್ಲಿ ಇರುವುದಿಲ್ಲ. ಹಾಗಾಗಿ ಕೊನೆಕೊನೆಗೆ ಮಟ್ಟ ಬೇಗ ಬೇಗ ಇಳಿಯುತ್ತದೆ. ತೀರಾ ತಳದ್ದನ್ನು ಪಂಪ್ ಎಳೆಯುವುದೂ ಇಲ್ಲ.

ಬಂಕ್‌ನವರು ಟ್ಯಾಂಕ್ ಯಾವಾಗಲೂ ತುಂಬಿಸಿಯೇ ಇಡಬಹುದಲ್ಲ ಅಂತ ಕೇಳಿದೆ. ಅವರು ದುಡ್ಡಿನ ಲೆಕ್ಕ ಹೇಳಿದರು. 12 ಸಾವಿರ ಲೀಟರಿನ ಒಂದು ಲೋಡ್ ಅಂದರೆ ಲೀಟರಿಗೆ ಸುಮಾರು ನೂರು ರೂಪಾಯಿ ಹಿಡಿದರೂ 12 ಲಕ್ಷ ರೂಪಾಯಿ. ಅದನ್ನು ಮೊದಲೇ ಕಟ್ಟಿ ಲೋಡ್ ತರಿಸಬೇಕು. ಸುಮ್ನೆ ನೆಲದಡಿ ಇಟ್ಟುಕೊಳ್ಳುವ ದುಡ್ಡಲ್ಲ ಅದು. ಅದಕ್ಕೇ ದಿನದ ಮಾರಾಟ ನೋಡಿಕೊಂಡು, ಕೆಲವು ದಿನಕ್ಕೆ ಸಾಕಾಗುವಷ್ಟು ಇಟ್ಟುಕೊಂಡು ಇಂಡೆಂಟ್, ಅಂದರೆ ಮುಂದಿನ ಲೋಡಿಗೆ ಆರ್ಡರ್, ಹಾಕುತ್ತಾರೆ. ಮಾಮೂಲಿ ದಿನಗಳಲ್ಲಿ ಇದು ಗಡಿಯಾರದ ಹಾಗೆ ನಡೆಯುತ್ತದೆ. ಯಾಕೆಂದರೆ ಗಿರಾಕಿಗಳೂ ಗಡಿಯಾರದ ಹಾಗೆಯೇ ಬರುತ್ತಾರೆ, ಸೋಮವಾರ ಇಷ್ಟು ಜನ, ಶನಿವಾರ ಇಷ್ಟು ಜನ.

ಈಗ ಒಂದು ಲೆಕ್ಕ ಮಾಡೋಣ. ಇವು ನಾನು ಉದಾಹರಣೆಗೆ ಹಿಡಿದ ಸಂಖ್ಯೆಗಳು. ಒಂದು ಬಂಕ್‌ಗೆ 1,500 ಸ್ಕೂಟರ್‌ನವರು ಗಿರಾಕಿಗಳು ಅಂದುಕೊಳ್ಳಿ. ಒಬ್ಬೊಬ್ಬರು ನಾಲ್ಕು ದಿನಕ್ಕೊಮ್ಮೆ ಬಂದು ಇನ್ನೂರು ರೂಪಾಯಿಗೆ, ಅಂದರೆ ಹೆಚ್ಚುಕಡಿಮೆ 2 ಲೀಟರ್ ಹಾಕಿಸುತ್ತಾರೆ. ದಿನಕ್ಕೆ 375 ಸ್ಕೂಟರ್, 750 ಲೀಟರ್. ಬಂಕ್‌ನಲ್ಲಿ 4,000 ಲೀಟರ್ ಇದ್ದರೆ ಐದು ದಿನಕ್ಕೆ ಧಾರಾಳ. ಒಂದು ದಿನ ಮೆಸೇಜ್ ಹರಿದಾಡುತ್ತದೆ. 1,500 ಜನವೂ ಅದೇ ದಿನ ಬರುತ್ತಾರೆ. ಆ್ಯಕ್ಟಿವಾದಂಥ ಸ್ಕೂಟರ್‌ನ ಟ್ಯಾಂಕ್ 5.3 ಲೀಟರ್ ಹಿಡಿಸುತ್ತದೆ. ಒಳಗೆ ಇದ್ದದ್ದನ್ನು ಕಳೆದು ಒಬ್ಬೊಬ್ಬರು ಮೂರೂವರೆ ಲೀಟರ್ ಹಾಕಿಸಿದರೂ 5,250 ಲೀಟರ್ ಬೇಕು. 4,000 ಲೀಟರ್ 1,142 ಜನರಿಗೆ ಮುಗಿಯಿತು. ಉಳಿದ 350ಕ್ಕೂ ಹೆಚ್ಚು ಜನ ಹಗ್ಗ ನೋಡಿ ವಾಪಸು.

ಆವತ್ತು ಯಾರೂ ಒಂದು ಕಿಲೋಮೀಟರ್ ಜಾಸ್ತಿ ಓಡಿಸಿಲ್ಲ. ಊರಿನಲ್ಲಿ ಇರುವ ಪೆಟ್ರೋಲ್ ಒಂದು ಹನಿಯೂ ಕಡಿಮೆಯಾಗಿಲ್ಲ. ಬಂಕ್‌ನ ಕೆಳಗೆ, ಯಾರಿಗೆ ಬೇಕೋ ಅವರಿಗೆ ಸಿಗುವಂತಿದ್ದ ಪೆಟ್ರೋಲ್ ಸಾವಿರಕ್ಕೂ ಹೆಚ್ಚು ಸ್ಕೂಟರ್‌ಗಳ ಸೀಟಿನಡಿಗೆ ಹೋಗಿ ಬೀಗ ಹಾಕಿಕೊಂಡಿತು. ಆಗಿದ್ದು ಅಷ್ಟೇ.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ, ನನಗೆ ಅದು ಇನ್ನೂ ಮುಖ್ಯ ಅನ್ನಿಸುತ್ತದೆ. ಮುಚ್ಚಳ ತೆಗೆದು, ಸೊನ್ನೆ ನೋಡಿ, ಹಾಕಿಸಿ, ಸ್ಕ್ಯಾನ್ ಮಾಡಿ ದುಡ್ಡು ಕೊಟ್ಟು ಮುಂದೆ ಹೋಗಲು ಒಬ್ಬರಿಗೆ ಒಂದೂವರೆ ನಿಮಿಷ ಬೇಕು ಅಂದುಕೊಳ್ಳಿ. ನಾಲ್ಕು ನಾಝಲ್ ಇದ್ದರೆ ಗಂಟೆಗೆ 160 ಸ್ಕೂಟರ್. 1,500 ಸ್ಕೂಟರ್‌ಗೆ ಒಂಬತ್ತು ಗಂಟೆಗೂ ಮೇಲೆ. ಅಂದರೆ ಆ ಬಂಕ್‌ನಡಿ ಪೆಟ್ರೋಲಿನ ಸಮುದ್ರವೇ ಇದ್ದರೂ ಕ್ಯೂ ಹೆದ್ದಾರಿ ಮುಟ್ಟುತ್ತಿತ್ತು. ಉದ್ದದ ಸಾಲು ಕಂಡರೆ ಪೆಟ್ರೋಲ್ ಮುಗಿಯುತ್ತಿದೆ ಅಂತ ನಮ್ಮ ಮನಸ್ಸು ಓದುತ್ತದೆ. ಆದರೆ ಸಾಲು ಹೇಳುವುದು ಎಲ್ಲರೂ ಒಂದೇ ಹೊತ್ತಿಗೆ ಬಂದಿದ್ದಾರೆ ಅನ್ನೋದನ್ನು ಮಾತ್ರ. ಆ ಸಾಲಿನ ಫೋಟೋ ಗ್ರೂಪಿಗೆ ಬಿದ್ದ ಮೇಲೆ ಮೆಸೇಜಿಗಿಂತ ಅದೇ ದೊಡ್ಡ ಸಾಕ್ಷಿ ಆಗಿಬಿಡುತ್ತದೆ. ಟ್ಯಾಂಕರ್ ಬಂದರೂ ಈ ಸಾಲನ್ನು ಸೀಳಿಕೊಂಡು ಒಳಗೆ ಹೋಗಬೇಕು. ಲೋಡ್ ಇಳಿಸುವಾಗ ಆ ಟ್ಯಾಂಕ್‌ನಿಂದ ಮಾರಾಟ ನಿಲ್ಲಿಸಬೇಕು. ಹೊರಗೆ ಕಾಯುವವರಿಗೆ "ನಿಲ್ಲಿಸಿದರು, ಮುಗಿಯಿತು" ಅಂತ ಕಾಣಿಸುತ್ತದೆ.

ಹಾಗಾದರೆ ಕ್ಯೂನಲ್ಲಿ ನಿಂತವರೆಲ್ಲ ಬುದ್ಧಿ ಇಲ್ಲದವರಾ? ಖಂಡಿತ ಅಲ್ಲ. ಇದನ್ನು ಅರ್ಥ ಮಾಡಿಕೊಳ್ಳದೆ ಜನರಿಗೆ ಬೈದರೆ ಏನೂ ಪ್ರಯೋಜನ ಇಲ್ಲ. ನಾನು ಆವತ್ತು ಯೋಚಿಸಿದ್ದು ಹೀಗೆ. ಸುದ್ದಿ ಸುಳ್ಳೇ ಇರಬಹುದು. ಆದರೆ ಬೇರೆಯವರು ನಂಬಿದ್ದಾರೆ. ಅವರು ಹಾಕಿಸಿಕೊಂಡರೆ ನಾಳೆ ಬೆಳಿಗ್ಗೆ ನನಗೆ ಸಿಗುವುದಿಲ್ಲ. ಅದರಲ್ಲಿ ಒಂದು ವಾಕ್ಯವೂ ತಪ್ಪಲ್ಲ. ಒಬ್ಬೊಬ್ಬರ ಲೆಕ್ಕವೂ ಸರಿ, ಎಲ್ಲರದ್ದೂ ಸೇರಿದರೆ ಊರಿಗೆ ನಷ್ಟ.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರಲ್ಲಿ ಇದನ್ನೇ ಬ್ಯಾಂಕಿನ ಉದಾಹರಣೆ ಕೊಟ್ಟು ವಿವರಿಸಿದ್ದರು. ಗಟ್ಟಿಯಾಗಿರುವ ಬ್ಯಾಂಕ್ ಮುಳುಗುತ್ತದೆ ಅಂತ ಸುದ್ದಿ ಹಬ್ಬುತ್ತದೆ. ಎಲ್ಲರೂ ದುಡ್ಡು ತೆಗೆಯಲು ಓಡುತ್ತಾರೆ. ನಿಜವಾಗಿಯೂ ಮುಳುಗುತ್ತದೆ. ಸುಳ್ಳು ತನ್ನ ಕಾಲ ಮೇಲೆ ತಾನೇ ನಿಂತು ನಿಜ ಆಗುತ್ತದೆ. ಈ ಮಾತು ಬ್ಯಾಂಕುಗಳ ತವರಾದ ನಮ್ಮ ಎರಡು ಜಿಲ್ಲೆಯವರಿಗೆ ಬೇಗ ಹೊಳೆಯುತ್ತದೆ. 1906ರಲ್ಲಿ ಕೆನರಾ ಬ್ಯಾಂಕ್ ಮಂಗಳೂರಿನಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಉಡುಪಿಯಲ್ಲಿ ಹುಟ್ಟಿದವು. ನಾವು ಇಟ್ಟ ದುಡ್ಡೆಲ್ಲ ಬ್ಯಾಂಕ್ ತಿಜೋರಿಯಲ್ಲಿ ಕೂತಿರುವುದಿಲ್ಲ, ಎಲ್ಲರೂ ಒಂದೇ ದಿನ ಕೇಳುವುದಿಲ್ಲ ಅನ್ನುವ ಭರವಸೆಯ ಮೇಲೆ ಸಾಲವಾಗಿ ಹೋಗಿರುತ್ತದೆ ಅಂತ ಇಲ್ಲಿ ಎಷ್ಟೋ ಮನೆಗಳಲ್ಲಿ ಗೊತ್ತು. ಬಂಕ್ ಕೂಡ ಅದೇ ಭರವಸೆಯ ಮೇಲೆ ನಿಂತಿದೆ. ಒಂದು ವ್ಯತ್ಯಾಸ ಉಂಟು. ಬ್ಯಾಂಕ್‌ನಲ್ಲಿ 5 ಲಕ್ಷ ರೂಪಾಯಿವರೆಗಿನ ಠೇವಣಿಗೆ ವಿಮೆ ಇದೆ. ಸುದ್ದಿ ಕೇಳಿದರೂ ರಾತ್ರಿ ನಿದ್ದೆ ಬರುತ್ತದೆ. ನಾಳೆ ನಿಮಗೆ 2 ಲೀಟರ್ ಪೆಟ್ರೋಲ್ ಕೊಟ್ಟೇ ಕೊಡುತ್ತೇವೆ ಅಂತ ಹೇಳುವವರು ಯಾರೂ ಇಲ್ಲ.

ಇದು ದೊಡ್ಡ ದೇಶಗಳಲ್ಲೂ ಆಗಿದೆ. 2021ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಲಾರಿ ಡ್ರೈವರ್‌ಗಳ ಕೊರತೆ ಇತ್ತು. ಬಿಪಿ ಕಂಪನಿಯ ಸುಮಾರು 1,200 ಬಂಕ್‌ಗಳಲ್ಲಿ ಮುಚ್ಚಿದ್ದು ಇಪ್ಪತ್ತರಷ್ಟು. ಆ ಸುದ್ದಿ ಹೊರಬಿದ್ದದ್ದೇ ತಡ, ನಾಲ್ಕೈದು ದಿನದಲ್ಲಿ ದೇಶದ ಸಾವಿರಾರು ಬಂಕ್‌ಗಳು ಬರಿದಾದವು. ಕೊನೆಗೆ ಅಕ್ಟೋಬರ್ ಮೊದಲ ವಾರ ಸೈನಿಕರು ಬಂದು ಟ್ಯಾಂಕರ್ ಓಡಿಸಬೇಕಾಯಿತು. 1979ರಲ್ಲಿ ಇರಾನ್ ಕ್ರಾಂತಿಯ ಹೊತ್ತಿಗೆ ಪ್ರಪಂಚದ ತೈಲ ಪೂರೈಕೆ ಇಳಿದದ್ದು ಶೇಕಡ 4ರ ಆಸುಪಾಸು. ಅಮೆರಿಕದ ಬಂಕ್‌ಗಳ ಮುಂದೆ ಆಗ ನಿಂತ ಸಾಲುಗಳನ್ನು ನೋಡಿದರೆ ಅರ್ಧಕ್ಕರ್ಧ ನಿಂತೇಹೋಗಿದೆ ಅನ್ನಿಸುವಂತಿತ್ತು.

ನಮ್ಮ ದೇಶದ್ದು ತೀರಾ ಹತ್ತಿರದ ನೆನಪು. 2024ರ ಜನವರಿ 1 ಮತ್ತು 2ರಂದು, ಹೊಸ ಕಾನೂನಿನಲ್ಲಿ ಅಪಘಾತ ಮಾಡಿ ಪರಾರಿಯಾದರೆ ಹತ್ತು ವರ್ಷದವರೆಗೆ ಜೈಲು ಅಂತ ಇದ್ದದ್ದನ್ನು ವಿರೋಧಿಸಿ ಲಾರಿ ಚಾಲಕರು ಬೀದಿಗಿಳಿದರು. ಹೈದರಾಬಾದ್, ಮುಂಬೈ, ನಾಗಪುರದಲ್ಲೆಲ್ಲ ಬಂಕ್‌ಗಳ ಮುಂದೆ ಜನಸಾಗರ. ಚಂಡೀಗಢದಲ್ಲಿ ಆಡಳಿತವೇ ಮಿತಿ ಹಾಕಿತು. ಒಂದು ಸಲಕ್ಕೆ ದ್ವಿಚಕ್ರ ವಾಹನಕ್ಕೆ 2 ಲೀಟರ್, ನಾಲ್ಕು ಚಕ್ರದ್ದಕ್ಕೆ 5 ಲೀಟರ್. 2ನೇ ತಾರೀಕು ರಾತ್ರಿ ಸರ್ಕಾರದ ಜೊತೆ ಮಾತುಕತೆ ಆಗಿ ಮುಷ್ಕರ ಮುಗಿಯುವ ದಾರಿಗೆ ಬಂತು.

ಮಿತಿ ಹಾಕುವುದರಲ್ಲೂ ಒಂದು ಸೂಕ್ಷ್ಮ ಇದೆ. ಇಷ್ಟಕ್ಕಿಂತ ಜಾಸ್ತಿ ಇಲ್ಲ ಅಂದರೆ ಸ್ಟಾಕ್ ಹೆಚ್ಚು ಜನರಿಗೆ ಸಿಗುತ್ತದೆ. ಆದರೆ ಜನ ಮತ್ತೆ ಮತ್ತೆ ಬರುತ್ತಾರೆ, ಕ್ಯೂ ಉದ್ದ ಆಗುತ್ತದೆ. 1979ರಲ್ಲಿ ಅಮೆರಿಕದ ಕೆಲವು ರಾಜ್ಯಗಳು ಇದಕ್ಕೆ ಉಲ್ಟಾ ಮಾಡಿದವು. ಇಷ್ಟಕ್ಕಿಂತ ಕಡಿಮೆ ಹಾಕುವುದಿಲ್ಲ ಅಂದವು. ಮುಕ್ಕಾಲು ಟ್ಯಾಂಕ್ ಇದ್ದವರು ಸುಮ್ನೆ ಬಂದು ಸಾಲು ಉದ್ದ ಮಾಡಬಾರದು ಅಂತ. ಲೆಕ್ಕಕ್ಕೆ ಅದು ಸರಿ. ಆದರೆ ನಮ್ಮ ಊರಿಗೆ ಅದು ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಇಲ್ಲಿ ದಿನಾ ನೂರು ರೂಪಾಯಿಗೆ ಹಾಕಿಸಿ ಅದೇ ದಿನ ಅದನ್ನು ದುಡಿದು ತೀರಿಸುವವರು ಇದ್ದಾರೆ.

ಅವರನ್ನು ಮರೆತು ಈ ವಿಷಯ ಮಾತಾಡೋದು ತಪ್ಪು. ನಾನು ಟ್ಯಾಂಕ್ ತುಂಬಿಸಿ ಬಂಕ್‌ನ ಪಕ್ಕದ ಗೂಡಂಗಡಿಯಲ್ಲಿ ಟೀ ಕುಡಿಯುತ್ತಿದ್ದೆ. ಹಗ್ಗ ಕಟ್ಟಿದ ಮೇಲೆ ಊಟ ಡೆಲಿವರಿ ಮಾಡುವ ಒಬ್ಬ ಹುಡುಗ ಸ್ಕೂಟರ್ ತಳ್ಳಿಕೊಂಡು ಬಂದ. ಬೆನ್ನಿಗೆ ದೊಡ್ಡ ಚೀಲ. "ಅಣ್ಣ, ಐವತ್ತು ರೂಪಾಯಿಗಾದ್ರೂ ಹಾಕಿ, ಎರಡು ಆರ್ಡರ್ ಉಂಟು" ಅಂದ. ಹಾಕುವವನು ಖಾಲಿ ನಾಝಲ್ ಕಡೆ ಕೈ ತೋರಿಸಿದ. ಹುಡುಗ ಮತ್ತೊಮ್ಮೆ ಕೇಳಲಿಲ್ಲ. ಸ್ಕೂಟರ್ ತಿರುಗಿಸಿ ಕೊಟ್ಟಾರದ ಕಡೆ ತಳ್ಳುತ್ತಾ ಹೋದ. ನನ್ನ ಸೀಟಿನಡಿ ಐದು ಲೀಟರ್ ಇತ್ತು. ಆ ವಾರ ನನಗೆ ಅದರಲ್ಲಿ ಎರಡು ಲೀಟರ್ ಕೂಡ ಬೇಕಾಗಲಿಲ್ಲ. ಟ್ಯಾಂಕ್ ತುಂಬಿಸಲು ಒಂದೇ ಸಲ ಐನೂರು ರೂಪಾಯಿ ಇರುವವರು, ಮುಕ್ಕಾಲು ಗಂಟೆ ಕಾಯಲು ಹೊತ್ತು ಇರುವವರು ಈ ಓಟದಲ್ಲಿ ಯಾವಾಗಲೂ ಮುಂದೆ. ನೈಟ್ ಡ್ಯೂಟಿಗೆ ಹೋಗುವ ನರ್ಸ್, ಬೆಳಗಿನ ಜಾವ ಮೀನಿನ ಬುಟ್ಟಿ ಏರಿಸಿಕೊಂಡು ಹೋಗುವ ರಿಕ್ಷಾದವರು ಹಿಂದೆ ಉಳಿಯುತ್ತಾರೆ.

ಬಾಟಲಿ, ಕ್ಯಾನ್ ಹಿಡಿದು ಬರುವವರ ಬಗ್ಗೆಯೂ ಹೇಳಲೇಬೇಕು. 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಸೈಬರ್ ದಾಳಿಯಿಂದ ಕಲೋನಿಯಲ್ ಎಂಬ ದೊಡ್ಡ ಪೈಪ್‌ಲೈನ್ ಕೆಲವು ದಿನ ನಿಂತಾಗ, ಪ್ಲಾಸ್ಟಿಕ್ ಚೀಲಕ್ಕೆ ಪೆಟ್ರೋಲ್ ತುಂಬಬೇಡಿ ಅಂತ ಅಲ್ಲಿನ ಸರ್ಕಾರಿ ಸಂಸ್ಥೆಯೇ ಎಚ್ಚರಿಕೆ ಕೊಡಬೇಕಾಯಿತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗಿ ಚದುರುವುದಿಲ್ಲ, ನೆಲದ ಮೇಲೆ ಹರಡಿ ಬಾಗಿಲ ಸಂದಿಯಲ್ಲಿ ಒಳಗೆ ಬರುತ್ತದೆ. ಜಗಲಿಯ ಮೂಲೆಯಲ್ಲಿಟ್ಟ ಕ್ಯಾನ್‌ನ ಆವಿ ಸಂಜೆ ತುಳಸಿಕಟ್ಟೆಗೆ ಹಚ್ಚಿಟ್ಟ ದೀಪದವರೆಗೆ ಬರಬಹುದು, ಅಡುಗೆಮನೆಯ ಒಲೆಯವರೆಗೂ ಬರಬಹುದು. ಬೆಂಕಿ ಹತ್ತಲು ಪೆಟ್ರೋಲ್ ಚೆಲ್ಲಬೇಕು ಅಂತಲೇ ಇಲ್ಲ. ಇನ್ನು ಈಗಿನ ಪೆಟ್ರೋಲ್‌ನಲ್ಲಿ ಶೇಕಡ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮುಚ್ಚಳ ಸಡಿಲವಾದ ಕ್ಯಾನ್‌ನಲ್ಲಿಟ್ಟ ಪೆಟ್ರೋಲ್ ಕೆಡುತ್ತದೆ. ದಯವಿಟ್ಟು ಯಾರೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ನಿಜವಾಗಿಯೂ ಕೊರತೆ ಬಂದರೆ? ಅದು ಬೇರೆಯೇ ವಿಷಯ, ಮತ್ತು ಬರಬಾರದು ಅಂತೇನೂ ಇಲ್ಲ. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ನೆಲದಡಿಯ ಆ ಮೂರು ಗುಹೆಗಳೂ ತುಂಬಿದ್ದರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನಕ್ಕೆ ಸಾಕು ಅಂತ ಸರ್ಕಾರದ ಲೆಕ್ಕ. ತೈಲ ಕಂಪನಿಗಳ ಕೈಯಲ್ಲಿರುವ ಸ್ಟಾಕ್ ಬೇರೆ. 2022ರಲ್ಲಿ ಶ್ರೀಲಂಕಾದಲ್ಲಿ ಡಾಲರ್ ಇಲ್ಲದೆ ತೈಲ ತರಿಸಲು ಆಗಲಿಲ್ಲ. ಜನ ದಿನಗಟ್ಟಲೆ ಸಾಲಿನಲ್ಲಿ ನಿಂತರು. ಆಮೇಲೆ ಪ್ರತಿ ವಾಹನಕ್ಕೂ ಕ್ಯೂಆರ್ ಕೋಡ್ ಕೊಟ್ಟು ವಾರಕ್ಕೆ ಇಷ್ಟು ಅಂತ ನಿಗದಿ ಮಾಡಿದರು. ಬೈಕಿಗೆ ಮೊದಲಿಗೆ ಸಿಕ್ಕಿದ್ದು ವಾರಕ್ಕೆ 4 ಲೀಟರ್. ಅದು ಕಡಿಮೆಯೇ. ಆದರೆ ತನ್ನ 4 ಲೀಟರ್ ತನಗೇ ಅಂತ ಗೊತ್ತಾದ ಮೇಲೆ ಸಾಲು ಕರಗತೊಡಗಿತು. ಬ್ಯಾಂಕಿನ ವಿಮೆಯ ಹಾಗೆ ಕೆಲಸ ಮಾಡಿದ್ದು ಆ ಕೋಡ್.

ಇದನ್ನು ನೋಡಿದರೆ "ಗಾಬರಿಯಾಗಬೇಡಿ" ಅನ್ನುವ ಪ್ರಕಟಣೆ ಯಾಕೆ ಅಷ್ಟಾಗಿ ನಾಟುವುದಿಲ್ಲ ಅಂತ ಗೊತ್ತಾಗುತ್ತದೆ. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಗುಂಡಿನ ಸದ್ದು ಇದ್ದಾಗ, ದೇಶದೆಲ್ಲೆಡೆ ಸಾಕಷ್ಟು ಸ್ಟಾಕ್ ಇದೆ ಅಂತ ಇಂಡಿಯನ್ ಆಯಿಲ್ ಹೇಳಿತ್ತು. ಅದು ಬೇಕು. ಆದರೆ ದೇಶದ ಸ್ಟಾಕ್ ನನ್ನ ಭಯಕ್ಕೆ ಉತ್ತರ ಅಲ್ಲ. ನನ್ನ ಭಯ ಪಕ್ಕದ ಸಾಲಿನವನ ಬಗ್ಗೆ. ಇದರ ಬದಲು ಜಿಲ್ಲಾಡಳಿತ, ಬಂಕ್‌ನವರು ಸೇರಿ "ಈ ಬಂಕ್‌ನಲ್ಲಿ ಈಗ ಇಷ್ಟು ಲೀಟರ್ ಉಂಟು, ಮುಂದಿನ ಲೋಡ್ ಬೆಳಿಗ್ಗೆ ಎಂಟಕ್ಕೆ" ಅಂತ ಬೋರ್ಡಿನಲ್ಲಿ ಬರೆದರೆ, ಆಂಬುಲೆನ್ಸ್‌ಗೆ, ಆಸ್ಪತ್ರೆಯವರಿಗೆ ಒಂದು ಪಾಲು ತೆಗೆದಿಟ್ಟಿದ್ದೇವೆ ಅಂತ ಹೇಳಿದರೆ, ಸಾಲಿನಲ್ಲಿ ಎಷ್ಟೋ ಜನ ಮನೆಗೆ ಹೋಗುತ್ತಾರೆ. ಡಿಪ್ ಕೋಲಿನ ಲೆಕ್ಕ ಮ್ಯಾನೇಜರ್ ಪುಸ್ತಕದಲ್ಲಿ ಹೇಗೂ ಇರುತ್ತದೆ. ಅದನ್ನು ಹೊರಗೆ ಬರೆಯಬೇಕು, ಅಷ್ಟೇ.

ನಮ್ಮ ಕಡೆಯಿಂದ ಆಗುವುದು ಒಂದುಂಟು. ಸುದ್ದಿ ಇಲ್ಲದ ಮಾಮೂಲಿ ವಾರಗಳಲ್ಲಿ, ಕೈಲಾದವರು, ಕಾಲು ಟ್ಯಾಂಕ್‌ಗೆ ಇಳಿಯುವ ಮೊದಲೇ ಹಾಕಿಸಿಕೊಳ್ಳುವುದು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಗುವುದು ನಮಗೇನು ಹೊಸತಲ್ಲ. ಸುದ್ದಿ ಇಲ್ಲದ ದಿನ ಹಾಕಿಸಿದ ಎರಡು ಲೀಟರ್ ಯಾರ ಪಾಲಿನದ್ದನ್ನೂ ಕಿತ್ತುಕೊಳ್ಳುವುದಿಲ್ಲ, ಬಂಕ್‌ನವರು ಅದಕ್ಕೆ ತಕ್ಕ ಲೋಡ್ ತರಿಸುತ್ತಾರೆ. ಮೆಸೇಜ್ ಬಂದ ದಿನ ಮೀಟರ್ ನೋಡಿ, ಎರಡು ದಿನಕ್ಕೆ ಸಾಕು ಅಂತಿದ್ದರೆ ಮನೆಗೆ ಹೋಗಬಹುದು. ಬೇಕೇ ಬೇಕಿದ್ದವರು ಯಾವಾಗಿನಷ್ಟೇ ಹಾಕಿಸಬಹುದು.

ಆ ಬಂಕ್‌ಗೆ ಮರುದಿನ ಮಧ್ಯಾಹ್ನ ಲೋಡ್ ಬಂತು. ಸಂಜೆಯವರೆಗೆ ಮತ್ತೆ ನೂಕುನುಗ್ಗಲು. ಆ ಸಾಲು ನೋಡಿ ಮ್ಯಾನೇಜರ್ ಇನ್ನೊಂದು ಲೋಡಿಗೂ ದುಡ್ಡು ಕಟ್ಟಿದರು. ನಾಲ್ಕನೇ ದಿನ ಗಾಳಿ ಹಾಕಿಸಲು ಹೋದಾಗ ನಾಲ್ಕೂ ನಾಝಲ್ ಖಾಲಿ ಇದ್ದವು. ಅದೇ ಹುಡುಗ ಸ್ಟೂಲಿನ ಮೇಲೆ ಕೂತು ಫೋನ್ ನೋಡುತ್ತಿದ್ದ. ಪೆಟ್ರೋಲ್ ಉಂಟಾ ಅಂತ ಕೇಳಿದೆ.

"ಟ್ಯಾಂಕ್ ತುಂಬ ಉಂಟು ಅಣ್ಣ" ಅಂದ. "ಹಾಕಿಸ್ಲಿಕ್ಕೆ ಜನ ಇಲ್ಲ. ಎಲ್ಲರ ಗಾಡಿಯೂ ಫುಲ್ ಉಂಟಲ್ವಾ."